ಪಿಂಗ್ ಹೊಂಟೈತಿ, ಗಾಡಿ ನಿಂತಾವು

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ರಿಂಗಾದಾಗ ನಾನು ಮಲಗಿ ಎರಡು ಗಂಟೆಯೂ ಆಗಿರಲಿಲ್ಲ. ಪುಣೆಯಲ್ಲಿ ಅಂಥ ಹೊತ್ತಿನಲ್ಲಿ ಕನ್ನಡದ ಫೋನ್ ಬಂತೆಂದರೆ ಮೊದಲು ಎದೆ ಧಸಕ್ಕೆನ್ನುತ್ತದೆ. ಊರಲ್ಲಿ ವಯಸ್ಸಾದ ಅಪ್ಪ, ಅಮ್ಮ ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಣ್ಯಕ್ಕೆ ಅದು ಮನೆಯ ಫೋನ್ ಆಗಿರಲಿಲ್ಲ. ಹುಬ್ಬಳ್ಳಿಯ ಗೋದಾಮಿನದು.

“ಸರ, ಬಿಲ್ಲಿಂಗ್ ನಡೀವಲ್ದು. ಹೆಸರು, ಪಾಸ್‌ವರ್ಡ್ ತಗೋತೈತಿ, ಆಮ್ಯಾಲ ಬಿಳೀ ಪರದೆ. ಅಲ್ಲೇ ನಿಂತುಬಿಡತೈತಿ.”

“ಪಿಂಗ್ ಮಾಡಿ ನೋಡ್ರಿ.”

“ನೋಡೇನ್ರಿ. ಪಿಂಗ್ ಹೊಂಟೈತಿ. ಗಾಡಿ ಮಾತ್ರ ನಿಂತಾವು.”

ಗಾಡಿ ಎಂದರೆ ಲಾರಿ. ನಾವು ನೆಟ್‌ವರ್ಕ್ ನೋಡಿಕೊಳ್ಳುವ ಈ ಸಾಗಣೆ ಕಂಪನಿಗೆ ನಾಲ್ಕು ರಾಜ್ಯಗಳಲ್ಲಿ ಗೋದಾಮುಗಳಿವೆ, ಸರ್ವರ್ ಮಾತ್ರ ಪುಣೆಯಲ್ಲಿದೆ. 50 ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ರಸ್ತೆಗಿಳಿಯಬೇಕಾದರೆ ಇ-ವೇ ಬಿಲ್ ಬೇಕು. ಆ ಬಿಲ್ ತಯಾರಾಗುವುದು ಪುಣೆಯ ಸರ್ವರ್‌ನಲ್ಲಿರುವ ತಂತ್ರಾಂಶದಿಂದ. ಹುಬ್ಬಳ್ಳಿಯಿಂದ ಪುಣೆಗೆ ಬರುವ ದಾರಿಯಲ್ಲಿ ಒಂದು ಫೈರ್‌ವಾಲ್ ಕೂತಿದೆ. ಹಿಂದಿನ ರಾತ್ರಿ ನಾವು ಜಾಗ ಬದಲಿಸಿದ್ದು ಅದನ್ನೇ. ಎರಡು ಗಂಟೆಗೆ ಎಲ್ಲ ಹಸಿರು ದೀಪ ನೋಡಿ, “ಪಿಂಗ್ ಬಂತಲ್ಲ, ಟಿಕೆಟ್ ಮುಚ್ಚಿಬಿಡು” ಎಂದು ಜೊತೆಗಿದ್ದ ಹುಡುಗನಿಗೆ ಹೇಳಿದವನು ನಾನು.

ಅಂಗಳದಲ್ಲಿ ಹನ್ನೊಂದು ಲಾರಿ ನಿಂತಿದ್ದವು. ಅವುಗಳಲ್ಲಿ ಎರಡು ಕಂಟೇನರ್ ಪಣಂಬೂರಿನ ಬಂದರಿಗೆ ಹೋಗಬೇಕಾದವು. ಹಡಗಿಗೆ ಸರಕು ಒಪ್ಪಿಸುವ ಗಡುವು ಅದೇ ದಿನ ಸಂಜೆಗಿತ್ತು.

ಸ್ವಂತ ಮನೆಯಿಂದ ಬಾಡಿಗೆ ಮನೆಗೆ

ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಫೈರ್‌ವಾಲ್ ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಇಬ್ಬರು ಎತ್ತಿ ರ್‍ಯಾಕ್‌ಗೆ ಏರಿಸಿ ಸ್ಕ್ರೂ ಹಾಕುತ್ತಿದ್ದೆವು. ಕೇಬಲ್ಲಿಗೆ ಚೀಟಿ ಅಂಟಿಸುತ್ತಿದ್ದೆವು. ಒಳಗಿನ ಸಾಫ್ಟ್‌ವೇರ್, ಪ್ರೊಸೆಸರ್, ನೆಟ್‌ವರ್ಕ್ ಕಾರ್ಡ್ ಎಲ್ಲ ಒಬ್ಬರದೇ ತಯಾರಿಕೆ. ಕೆಟ್ಟರೆ ಬೈಯಲಿಕ್ಕೂ ಒಬ್ಬರೇ ಸಿಗುತ್ತಿದ್ದರು. ಅದು ಸ್ವಂತ ಮನೆ.

ಆಮೇಲೆ ಪೆಟ್ಟಿಗೆ ಮಾಯವಾಗಿ ಫೈಲ್ ಬಂತು. ಫೈರ್‌ವಾಲ್, ರೂಟರ್, ಲೋಡ್ ಬ್ಯಾಲೆನ್ಸರ್ ಎಲ್ಲವೂ ಡೌನ್‌ಲೋಡ್ ಮಾಡಿಕೊಳ್ಳುವ ಒಂದೊಂದು ಫೈಲ್. ಅದನ್ನು ದೊಡ್ಡ ಸರ್ವರ್‌ನ ಮೇಲೆ ವರ್ಚುವಲ್ ಮಷೀನ್ ಆಗಿ ಎಬ್ಬಿಸಿದರೆ ಆಯಿತು. ಹೀಗೆ ಒಂದೇ ಸರ್ವರ್‌ನಲ್ಲಿ ಹತ್ತಾರು ಮಷೀನುಗಳನ್ನು ಕೂರಿಸಿ, ಪ್ರೊಸೆಸರ್, ಮೆಮೊರಿ, ಡಿಸ್ಕ್ ಹಂಚಿಕೊಡುವ ಯಜಮಾನನೇ ಹೈಪರ್‌ವೈಸರ್. ವಿಎಂವೇರ್‌ನ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟ್‌ನ ಹೈಪರ್-ವಿ, ಲಿನಕ್ಸ್‌ನೊಳಗೇ 2007ರಿಂದ ಇರುವ ಕೆವಿಎಂ, ಅದಕ್ಕಿಂತ ಹಳೆಯ ಝೆನ್ ಇವುಗಳಲ್ಲಿ ಮುಖ್ಯವಾದವು. ಕ್ಲೌಡ್ ಎಂದು ನಾವು ಕರೆಯುವುದರ ತಳದಲ್ಲೂ ಇವೇ ಇವೆ. ಆಜೂರ್ ನಿಂತಿರುವುದು ಹೈಪರ್-ವಿ ವಂಶದ ಮೇಲೆ, ಗೂಗಲ್‌ನದು ಕೆವಿಎಂ ಮೇಲೆ. ಅಮೆಜಾನ್ ಝೆನ್‌ನಿಂದ ಶುರು ಮಾಡಿ 2017ರಲ್ಲಿ ಕೆವಿಎಂ ಆಧಾರದ ನೈಟ್ರೋಗೆ ಹೊರಳಿತು.

ಫೈಲ್ ಆದ ಮೇಲೆ ಫೈರ್‌ವಾಲ್ ಬಾಡಿಗೆದಾರನಾಯಿತು. ಬಾಡಿಗೆ ಮನೆ ಬದಲಿಸಿದ ನಮ್ಮಂಥವರಿಗೆ ಅದರ ಕಷ್ಟ ಗೊತ್ತು. ಸಾಮಾನು ಅದೇ, ಮಂಚ ಅದೇ. ಹೊಸ ಮನೆಯಲ್ಲಿ ಮಂಚ ಬಾಗಿಲಲ್ಲಿ ಹಿಡಿಯುವುದಿಲ್ಲ, ಗ್ರೈಂಡರ್‌ನ ದಪ್ಪ ಪಿನ್ನಿಗೆ ಅಡುಗೆಮನೆಯಲ್ಲಿ ಸಾಕೆಟ್ ಇಲ್ಲ, ಏಳು ಗಂಟೆಯ ಮೇಲೆ ನೀರು ಬರುವುದಿಲ್ಲ. ಮನೆ ನೋಡಲು ಹೋದಾಗ ಇವು ಯಾವುವೂ ಕಣ್ಣಿಗೆ ಬಿದ್ದಿರುವುದಿಲ್ಲ.

ಇಷ್ಟು ದಿನ ಇಲ್ಲದ ಈ ಮನೆ ಬದಲಾವಣೆ ಈಗೇಕೆ ಜೋರಾಗಿದೆ? ನಮ್ಮ ಕಂಪನಿಗಳಲ್ಲಿ ವಿಎಂವೇರ್ ಎಂಬುದು ಬಹಳ ಕಾಲ ಸ್ವಂತ ಮನೆಯಷ್ಟೇ ಗಟ್ಟಿಯಾಗಿತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಪೂರ್ತಿ ಕೊಂಡುಕೊಂಡಿತು. ಮರುತಿಂಗಳೇ, ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಅಲ್ಲಿಂದೀಚೆಗೆ ನವೀಕರಣದ ಕಾಗದ ಬಂದಾಗಲೆಲ್ಲ ಹಣಕಾಸು ವಿಭಾಗದವರು ಕೇಳುವ ಪ್ರಶ್ನೆ ಒಂದೇ: ಬೇರೆ ಯಾವುದಕ್ಕಾದರೂ ಹೋಗಬಹುದಾ? ಸಾಮಾನ್ಯ ಸರ್ವರ್‌ಗಳನ್ನು ಸಾಗಿಸುವುದು ಈಗ ಅಂಥ ಕಷ್ಟವಲ್ಲ, ಅದಕ್ಕೆ ಒಳ್ಳೆಯ ಸಾಧನಗಳು ಬಂದಿವೆ. ಕೊನೆಗೆ ಉಳಿಯುವುದು ನೆಟ್‌ವರ್ಕ್ ಉಪಕರಣಗಳು. ಎಲ್ಲರೂ ಮುಟ್ಟಲು ಹೆದರುವುದೂ ಅವನ್ನೇ. ಒಂದು ಸರ್ವರ್ ಬಿದ್ದರೆ ಒಂದು ಕೆಲಸ ನಿಲ್ಲುತ್ತದೆ. ಫೈರ್‌ವಾಲ್ ಬಿದ್ದರೆ ಅದನ್ನು ಸರಿಮಾಡಲು ಒಳಗೆ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ.

ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ

ಪ್ರತಿಯೊಂದು ತಯಾರಕ ಸಂಸ್ಥೆಯೂ ಒಂದು ಹೊಂದಾಣಿಕೆ ಪಟ್ಟಿ ಕೊಡುತ್ತದೆ. ನಮ್ಮ ಉಪಕರಣದ ಇಂಥ ಆವೃತ್ತಿ, ಇಂಥ ಹೈಪರ್‌ವೈಸರ್‌ನ ಇಂಥ ಆವೃತ್ತಿಯ ಮೇಲೆ ಓಡುತ್ತದೆ ಎಂದು ಅದರಲ್ಲಿರುತ್ತದೆ. ಮೀಟಿಂಗ್‌ನಲ್ಲಿ ಯಾರೋ ಅದನ್ನು ತೆರೆದು, “ಕೆವಿಎಂ ಎಂದಿದೆ, ಟಿಕ್ ಇದೆ” ಎಂದು ಮುಚ್ಚುತ್ತಾರೆ. ಕೆವಿಎಂ ಎಂಬುದು ಒಂದೇ ಸಾಮಾನಲ್ಲ. ನ್ಯೂಟಾನಿಕ್ಸ್‌ನ ಎಎಚ್‌ವಿ, ಪ್ರಾಕ್ಸ್‌ಮಾಕ್ಸ್, ಓಪನ್‌ಸ್ಟ್ಯಾಕ್, ರೆಡ್ ಹ್ಯಾಟ್‌ನವರದು ಎಲ್ಲದರ ಹೊಟ್ಟೆಯಲ್ಲೂ ಕೆವಿಎಂ ಇದೆ. ಆದರೂ ಪಟ್ಟಿಯಲ್ಲಿ ಅವಕ್ಕೆ ಬೇರೆ ಬೇರೆ ಸಾಲು. ಒಂದಕ್ಕೆ ಟಿಕ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ಮಾಮೂಲು. ಓಡುವುದಿಲ್ಲ ಎಂದಲ್ಲ. ಓಡಬಹುದು, ವರ್ಷಗಟ್ಟಲೆ ಓಡಬಹುದು. ಕೆಟ್ಟ ದಿನ ಸಪೋರ್ಟ್‌ಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದು, “ನಿಮ್ಮ ಹೈಪರ್‌ವೈಸರ್ ಯಾವುದು?” ಅಲ್ಲಿಗೆ ಮಾತು ಮುಗಿಯಿತು. ಓಡುತ್ತದೆ ಎನ್ನುವುದು ಬೇರೆ, ಕೆಟ್ಟರೆ ನಾವು ಬರುತ್ತೇವೆ ಎನ್ನುವುದು ಬೇರೆ. ಪಟ್ಟಿ ಹೇಳುವುದು ಎರಡನೆಯದನ್ನು.

ನಮ್ಮ ಪಟ್ಟಿಯಲ್ಲಿ ಟಿಕ್ ಇತ್ತು. ಆವೃತ್ತಿಯೂ ಸರಿಯಿತ್ತು. ಆದರೂ ಆ ಶನಿವಾರ ರಾತ್ರಿ ಹನ್ನೊಂದಕ್ಕೆ ಕೆಲಸ ಶುರುಮಾಡಿದ ಮೇಲೆ ಮೊದಲು ಎಡವಿದ್ದು ನೆಟ್‌ವರ್ಕ್ ಕಾರ್ಡುಗಳ ಕ್ರಮದಲ್ಲಿ.

ಫೈರ್‌ವಾಲ್‌ಗೆ ಆರು ವರ್ಚುವಲ್ ಕಾರ್ಡುಗಳಿದ್ದವು. ಒಳಗಿನದು, ಹೊರಗಿನದು, ನಿರ್ವಹಣೆಯದು, ಜೋಡಿ ಫೈರ್‌ವಾಲ್ ಜೊತೆ ಮಾತಾಡುವುದು, ಹೀಗೆ. ಮಷೀನ್ ಎದ್ದಾಗ ಅದು ಕಾರ್ಡುಗಳನ್ನು ಎಣಿಸುವುದು ಒಳಗಿನ ಪಿಸಿಐ ವಿಳಾಸದ ಕ್ರಮದಲ್ಲಿ. ಹಳೆಯ ಇಎಸ್‌ಎಕ್ಸ್‌ಐ ಕೊಟ್ಟ ಕ್ರಮವೇ ಬೇರೆ, ಹೊಸ ಕೆವಿಎಂ ಕೊಟ್ಟ ಕ್ರಮವೇ ಬೇರೆ. ಎದ್ದ ಕೂಡಲೇ ಒಳಗಿನ ಕಾರ್ಡು ಹೊರಗಿನದರ ಜಾಗದಲ್ಲಿ ಕೂತಿತ್ತು. ಕಬ್ಬಿಣದ ಪೆಟ್ಟಿಗೆಯಲ್ಲಾದರೆ ಕೇಬಲ್ ಅದಲುಬದಲಾಯಿತು ಎಂದು ಕಣ್ಣಿಗೇ ಕಾಣುತ್ತಿತ್ತು. ಇಲ್ಲಿ ಕೇಬಲ್ಲೇ ಇಲ್ಲ. ಒಂದೊಂದು ಕಾರ್ಡಿನ ಮ್ಯಾಕ್ ವಿಳಾಸ ಬರೆದಿಟ್ಟುಕೊಂಡು ಎರಡೂ ಕಡೆ ಹೋಲಿಸಿ ನೋಡುವುದೊಂದೇ ದಾರಿ. ನಮ್ಮ ಹುಡುಗ ಅದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದ. ಹತ್ತು ನಿಮಿಷದಲ್ಲಿ ಸರಿಯಾಯಿತು. ಇಲ್ಲವಾದರೆ ಬೆಳಗಾಗುತ್ತಿತ್ತು.

ಕಾರ್ಡಿನ ಜಾತಿಯದೂ ಒಂದು ತಕರಾರು. ಇಎಸ್‌ಎಕ್ಸ್‌ಐ ಮೇಲೆ ವಿಎಂಎಕ್ಸ್‌ನೆಟ್3, ಕೆವಿಎಂ ಮೇಲೆ ವರ್ಟ್‌ಐಓ, ಅಮೆಜಾನ್‌ನಲ್ಲಿ ಇಎನ್‌ಎ, ಹೈಪರ್-ವಿಯಲ್ಲಿ ಅದರದೇ ಇನ್ನೊಂದು. ಉಪಕರಣದೊಳಗೆ ಆ ಜಾತಿಯ ಡ್ರೈವರ್ ಇಲ್ಲದಿದ್ದರೆ ಅದರ ಪಾಲಿಗೆ ಕಾರ್ಡೇ ಇಲ್ಲ. ಅಮೆಜಾನ್ ನೈಟ್ರೋಗೆ ಹೊರಳಿದಾಗ ಡಿಸ್ಕ್ ಕೂಡ ಎನ್‌ವಿಎಂಇ ಆಯಿತು. ಆ ಎರಡು ಡ್ರೈವರ್ ಇಲ್ಲದ ಹಳೆಯ ಇಮೇಜುಗಳು ಹೊಸ ಮಷೀನುಗಳ ಮೇಲೆ ಏಳುವ ಹಾಗೇ ಇರಲಿಲ್ಲ. ಕ್ಲೌಡ್‌ನಲ್ಲಿ ನಾವು ಮನೆ ಬದಲಿಸದಿದ್ದರೂ ಯಜಮಾನರು ನೆಲ ಅಗೆದು ಹೊಸ ಟೈಲ್ಸ್ ಹಾಕುವುದುಂಟು.

ಪ್ರೊಸೆಸರ್ ವಿಷಯ ಇನ್ನೂ ಸೂಕ್ಷ್ಮ. ಹೈಪರ್‌ವೈಸರ್ ತನ್ನ ಅತಿಥಿಗೆ ನಿಜವಾದ ಪ್ರೊಸೆಸರ್‌ನ ಎಲ್ಲ ಶಕ್ತಿಯನ್ನೂ ತೋರಿಸಬೇಕೆಂದಿಲ್ಲ. ಮಷೀನುಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗಿಸಲು ಆಗಲೆಂದು ಬೇಕೆಂದೇ ಒಂದು ಸಾಧಾರಣ, ಹಳೆಯ ಮಾದರಿಯ ಮುಖ ತೋರಿಸುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಂಟನೆಯ ಆವೃತ್ತಿಯವರೆಗೂ ನಾವಾಗಿ ಬದಲಿಸದಿದ್ದರೆ ಸಿಗುತ್ತಿದ್ದುದು ಅಂಥ ಮಾದರಿ. ಅದರಲ್ಲಿ ಎಇಎಸ್ ಗೂಢಲಿಪಿಯನ್ನು ವೇಗವಾಗಿ ಮಾಡುವ ಸೂಚನೆಗಳೇ ಇರಲಿಲ್ಲ. ಎಂಟರಿಂದ ಈಚೆಗೆ ಸೇರಿಸಿದ್ದಾರೆ. ವಿಪಿಎನ್ ಹೊತ್ತ ಫೈರ್‌ವಾಲ್‌ಗೆ ಆ ಸೂಚನೆಗಳು ಕಾಣದಿದ್ದರೆ ಅದು ನಿಲ್ಲುವುದಿಲ್ಲ, ತೆವಳುತ್ತದೆ. ವೇಗಕ್ಕಾಗಿ ಡಿಪಿಡಿಕೆ ಬಳಸುವ ಉಪಕರಣಗಳಾದರೆ ಎಸ್‌ಎಸ್‌ಇ 4.2 ಕಾಣದಿದ್ದರೆ ಏಳುವುದೇ ಇಲ್ಲ. ನನ್ನ ಮಟ್ಟಿಗೆ ಏಳದಿರುವುದೇ ಒಳ್ಳೆಯದು. ತೆವಳುವುದನ್ನು ಹಿಡಿಯಲು ವಾರಗಳು ಬೇಕಾಗುತ್ತವೆ.

ಲೈಸೆನ್ಸ್ ಬಗ್ಗೆ ಎರಡೇ ಮಾತು. ಬಹಳಷ್ಟು ಉಪಕರಣಗಳ ಲೈಸೆನ್ಸ್ ಆ ವರ್ಚುವಲ್ ಮಷೀನ್‌ನ ಗುರುತಿನ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹೊಸ ಹೈಪರ್‌ವೈಸರ್ ಹೊಸ ಸಂಖ್ಯೆ ಕೊಡುತ್ತದೆ. ಆಗ ಅದು ತನ್ನನ್ನು ಹೊಸ ಮಗು ಎಂದುಕೊಂಡು ಪ್ರಾಯೋಗಿಕ ಅವಧಿಗೆ ಇಳಿಯುತ್ತದೆ. ಶನಿವಾರ ರಾತ್ರಿ ಲೈಸೆನ್ಸ್ ವಿಭಾಗದಲ್ಲಿ ಯಾರೂ ಇರುವುದಿಲ್ಲ. ಇದನ್ನು ಶುಕ್ರವಾರವೇ ಮುಗಿಸಿಕೊಂಡಿದ್ದೆವು.

ಇಷ್ಟೆಲ್ಲ ದಾಟಿದ್ದಕ್ಕೇ ಎರಡು ಗಂಟೆಗೆ ನಮಗೆ ಅಷ್ಟು ಧೈರ್ಯ ಬಂದಿತ್ತು.

ಲಕೋಟೆಯೊಳಗೆ ಲಕೋಟೆ

ಈಗ ಹುಬ್ಬಳ್ಳಿಯ ಬಿಳಿ ಪರದೆಗೆ ಬರೋಣ. ನಾವು ಸುಮ್ಮನೆ ಪಿಂಗ್ ಒಂದನ್ನೇ ನಂಬಿದ್ದೆವು ಎಂದಲ್ಲ. ನಮ್ಮ ಲ್ಯಾಪ್‌ಟಾಪಿನಿಂದ ವಿಪಿಎನ್ ಹಿಡಿದು ಬಿಲ್ಲಿಂಗ್ ತಂತ್ರಾಂಶ ತೆರೆದು, ಒಂದು ಹಳೆಯ ಬಿಲ್ ನೋಡಿಯೂ ಇದ್ದೆವು. ಎಲ್ಲ ಸರಿಯಿತ್ತು. ನಮಗೆ ಸರಿಯಾಗಿ ಕಾಣುವುದು ಹುಬ್ಬಳ್ಳಿಗೆ ಏಕೆ ಕಾಣುವುದಿಲ್ಲ?

ನೆಟ್‌ವರ್ಕ್‌ನಲ್ಲಿ ಮಾಹಿತಿ ಹೋಗುವುದು ತುಂಡು ತುಂಡಾಗಿ. ಒಂದು ತುಂಡು ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಮಿತಿಯಿದೆ, ಅದನ್ನು ಎಂಟಿಯು ಎನ್ನುತ್ತಾರೆ. ಸಾಮಾನ್ಯ ಈಥರ್ನೆಟ್‌ನಲ್ಲಿ ಅದು 1500 ಬೈಟ್. ಅಂಚೆ ಡಬ್ಬಿಯ ಬಾಯಿ ಇಷ್ಟೇ ಅಗಲ ಎಂದ ಹಾಗೆ. ಹಳೆಯ ಮನೆಯಲ್ಲಿ ಫೈರ್‌ವಾಲ್‌ನ ತುಂಡುಗಳು ನೇರವಾಗಿ ಸ್ವಿಚ್‌ಗೆ ಹೋಗುತ್ತಿದ್ದವು. ಹೊಸ ಕ್ಲಸ್ಟರ್‌ನಲ್ಲಿ ಹಾಗಲ್ಲ. ಅಲ್ಲಿ ಸರ್ವರ್‌ಗಳ ನಡುವೆ ವಿಎಕ್ಸ್‌ಲ್ಯಾನ್ ಎಂಬ ಓವರ್‌ಲೇ ಜಾಲವಿತ್ತು. ಅದು ಪ್ರತಿ ತುಂಡನ್ನೂ ಇನ್ನೊಂದು ಲಕೋಟೆಯಲ್ಲಿ ಹಾಕಿ, ಮೇಲೆ ತನ್ನ ವಿಳಾಸ ಬರೆದು ಕಳಿಸುತ್ತದೆ. ಆ ಹೊರ ಲಕೋಟೆಯ ತೂಕ 50 ಬೈಟ್. ಕೆಳಗಿನ ಸ್ವಿಚ್‌ನ ಬಾಯಿ 1500ಕ್ಕೇ ಇದ್ದರೆ, ಒಳಗಿನ ಕಾಗದ 1450 ದಾಟುವಂತಿಲ್ಲ. ಕ್ಲಸ್ಟರ್ ಕಟ್ಟಿದವರು ಸ್ವಿಚ್ ದೊಡ್ಡದು ಮಾಡಲು ಮರೆತಿದ್ದರು. ನಾವು ಕೇಳಲು ಮರೆತಿದ್ದೆವು. ಫೈರ್‌ವಾಲ್ ಮಾತ್ರ ತನ್ನ ಕಾರ್ಡ್ 1500ರದು ಎಂದೇ ನಂಬಿ ಕೂತಿತ್ತು.

ಹುಬ್ಬಳ್ಳಿಗೆ ಹೋಗುವ ತುಂಡಿಗೆ ಇನ್ನೂ ಒಂದು ಲಕೋಟೆ ಇದೆ, ಗೂಢಲಿಪಿಯದು. ಐಪಿಸೆಕ್ ಅದಕ್ಕೆ ಅರವತ್ತು, ಎಪ್ಪತ್ತು ಬೈಟ್ ಸೇರಿಸುತ್ತದೆ. 1400ರ ತುಂಡು ಗೂಢಲಿಪಿಯಾಗಿ ಹೊರಬರುವಾಗ 1460, 1470. ಹಳೆಯ ಮನೆಯಲ್ಲಿ ಇದು ಸಲೀಸು. ಹೊಸ ಮನೆಯಲ್ಲಿ ಬಾಗಿಲಿಗೆ ಹತ್ತಿಪ್ಪತ್ತು ಬೈಟ್ ಹೆಚ್ಚು.

ಇಲ್ಲೊಂದು ವಿಚಿತ್ರವಿದೆ. ದಾರಿಯಲ್ಲಿ ರೂಟರ್ ಇದ್ದು ತುಂಡು ದೊಡ್ಡದಾದರೆ, ಅದು “ಇದು ಹಿಡಿಯುವುದಿಲ್ಲ, ಚಿಕ್ಕದು ಮಾಡಿ ಕಳಿಸು” ಎಂದು ಕಳಿಸಿದವನಿಗೆ ಹೇಳಿಕಳಿಸುತ್ತದೆ. ನಮ್ಮಲ್ಲಿ ತುಂಡು ಬಿದ್ದುಹೋದದ್ದು ಹೈಪರ್‌ವೈಸರ್‌ನೊಳಗಿನ ಬ್ರಿಡ್ಜ್‌ನಲ್ಲಿ. ಬ್ರಿಡ್ಜ್‌ಗೆ ಐಪಿಯ ಭಾಷೆ ಬಾರದು. ಹಿಡಿಯದ್ದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಪಿಂಗ್ ಅರವತ್ತು ಬೈಟಿನ ಪುಟಾಣಿ, ಅದು ಹೋಗುತ್ತದೆ, ಬರುತ್ತದೆ. ಹೆಸರು, ಪಾಸ್‌ವರ್ಡ್ ಚಿಕ್ಕವು, ಅವೂ ಹೋಗುತ್ತವೆ. ಲಾಗಿನ್ ಆದ ಮೇಲೆ ಸರ್ವರ್ ಕಳಿಸುವ ದೊಡ್ಡ ಪಟ್ಟಿ ಮಾತ್ರ ಎಂದಿಗೂ ತಲುಪುವುದಿಲ್ಲ. ಪರದೆ ಬಿಳಿ. ನಮ್ಮ ಲ್ಯಾಪ್‌ಟಾಪಿನ ವಿಪಿಎನ್ ತುಂಡುಗಳನ್ನು ಮೊದಲೇ 1300ರ ಆಸುಪಾಸಿಗೆ ಇಳಿಸಿಕೊಂಡಿತ್ತು. ಎಲ್ಲ ಲಕೋಟೆ ಸೇರಿದರೂ ಅದು ಬಾಗಿಲಲ್ಲಿ ಹಿಡಿಯುತ್ತಿತ್ತು. ನಮ್ಮ ಪರೀಕ್ಷೆ ಸುಳ್ಳಾಗಿರಲಿಲ್ಲ. ಅದು ನಮ್ಮದಾಗಿತ್ತು, ಹುಬ್ಬಳ್ಳಿಯದಾಗಿರಲಿಲ್ಲ.

ಇದೆಲ್ಲ ಈಗ ಹೀಗೆ ಸರಾಗವಾಗಿ ಬರೆಯುತ್ತಿದ್ದೇನೆ. ಬೆಳಗ್ಗೆ ನಾಲ್ಕೂವರೆಯಿಂದ ಐದೂಮುಕ್ಕಾಲರವರೆಗೆ ನಾನು ನೋಡಿದ್ದು ಫೈರ್‌ವಾಲ್‌ನ ನಿಯಮಗಳನ್ನು. ಅಲ್ಲಿ ಏನೂ ಇರಲಿಲ್ಲ. ಮುಂಬೈಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ, ಕುಂದಾಪುರದ ಕಡೆಯವರು, ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: “ಸಣ್ಣದ್ ಹೋತ್ತ್, ದೊಡ್ಡದ್ ಹೋತಿಲ್ಲೆ ಅಂದ್ರೆ ಗಾತ್ರ ಕಾಣಿ ಮಾರಾಯ್ರೆ.” ಹುಬ್ಬಳ್ಳಿಯವರಿಗೆ ದೊಡ್ಡ ಗಾತ್ರದ ಪಿಂಗ್ ಕಳಿಸಲು ಹೇಳಿದೆ. 1300 ಹೋಯಿತು. 1372 ಹೋಗಲಿಲ್ಲ.

ಗೊತ್ತಾದ ಮೇಲೆ ಪರಿಹಾರ ಎರಡು ನಿಮಿಷದ್ದು. ಆ ವಿಪಿಎನ್ ಮೂಲಕ ಹೋಗುವ ಟಿಸಿಪಿ ತುಂಡುಗಳ ಗಾತ್ರವನ್ನು ಫೈರ್‌ವಾಲ್‌ನಲ್ಲಿಯೇ 1300ಕ್ಕೆ ಇಳಿಸಿದೆವು. ತಂತ್ರಾಂಶ ಮುಚ್ಚಿ ತೆರೆದರು, ಪಟ್ಟಿ ಬಂತು. ಆರೂಕಾಲಿಗೆ ಮೊದಲ ಲಾರಿ ಹೊರಟಿತು. ಮುಂದಿನ ಶನಿವಾರ ಸ್ವಿಚ್‌ಗಳ ಎಂಟಿಯು ಏರಿಸಿದರು. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಪಣಂಬೂರಿನ ಎರಡು ಕಂಟೇನರ್‌ಗಳಲ್ಲಿ ಒಂದು ಸಮಯಕ್ಕೆ ಮುಟ್ಟಿತು. ಇನ್ನೊಂದು ಅರಬೈಲ್ ಘಟ್ಟದಲ್ಲಿ ಸಿಕ್ಕಿಬಿದ್ದು, ನಾಲ್ಕು ಗಂಟೆಗೆ ಹೊರಟಿದ್ದರೆ ತಪ್ಪುತ್ತಿದ್ದ ದಟ್ಟಣೆಯಲ್ಲಿ ನಿಂತು, ಗಡುವು ಕಳೆದ ಮೇಲೆ ಗೇಟು ತಲುಪಿತು. ಆ ಸರಕು ಮುಂದಿನ ಹಡಗಿಗೆ ಹೋಯಿತು.

ಸೋಮವಾರ ವಿವರಣೆ ಕೇಳಿದರು. ಟಿಕೆಟ್‌ನಲ್ಲಿ ಇದ್ದದ್ದು ನಮ್ಮ ಹುಡುಗನ ಹೆಸರು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು, ಮ್ಯಾಕ್ ವಿಳಾಸಗಳನ್ನು ಹಾಳೆಯಲ್ಲಿ ಬರೆದಿಟ್ಟಿದ್ದ ಹುಡುಗ. ಮುಚ್ಚು ಎಂದವನು ನಾನು ಎಂದು ನಾನೇ ಬರೆದುಕೊಟ್ಟೆ. ಅದರಿಂದ ಆ ವರ್ಷ ನನಗೆ ಬರಬೇಕಾದ್ದು ಸ್ವಲ್ಪ ಕಡಿಮೆ ಬಂತು. ಇರಲಿ.

ಕ್ಲೌಡ್‌ನ ಮನೆಯಲ್ಲಿ ಕೂಗು ಕೇಳಿಸದು

ಸರ್ವರ್ ಕೋಣೆಯಿಂದ ಕ್ಲೌಡ್‌ಗೆ ಹೋಗುವವರಿಗೆ ಇನ್ನೊಂದು ಬಗೆಯ ಆಘಾತ ಕಾದಿರುತ್ತದೆ. ಫೈರ್‌ವಾಲ್‌ಗಳನ್ನು ಯಾವಾಗಲೂ ಜೋಡಿಯಾಗಿ ಇಡುತ್ತೇವೆ. ಒಂದು ಬಿದ್ದರೆ ಇನ್ನೊಂದು “ಆ ವಿಳಾಸ ಇನ್ನು ಮೇಲೆ ನನ್ನದು” ಎಂದು ಜಾಲಕ್ಕೆಲ್ಲ ಕೂಗಿ ಹೇಳುತ್ತದೆ. ಎಆರ್‌ಪಿ ಎಂಬ ಹಳೆಯ ಪದ್ಧತಿಯದು, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಅಮೆಜಾನ್, ಆಜೂರ್, ಗೂಗಲ್ ಮೂರರಲ್ಲೂ ಈ ಕೂಗಿಗೆ ಬೆಲೆಯಿಲ್ಲ. ಅಲ್ಲಿ ಯಾವ ವಿಳಾಸ ಯಾವ ಮಷೀನ್‌ನದು ಎಂಬುದು ಕ್ಲೌಡ್‌ನ ಸ್ವಂತ ದಾಖಲೆ ಪುಸ್ತಕದಲ್ಲಿದೆ. ಪುಸ್ತಕ ತಿದ್ದಿಸಬೇಕಾದರೆ ಎಪಿಐ ಮೂಲಕ ಅರ್ಜಿ ಹಾಕಬೇಕು. ಕಂದಾಯ ಇಲಾಖೆಯಲ್ಲಿ ಖಾತೆ ಬದಲಾವಣೆ ಇದ್ದ ಹಾಗೆ. ಅರ್ಜಿ ಹಾಕುವ ಅಧಿಕಾರ ಆ ಫೈರ್‌ವಾಲ್‌ಗೆ ಮೊದಲೇ ಕೊಟ್ಟಿರಬೇಕು, ಎಪಿಐ ತನಕ ಅದಕ್ಕೆ ದಾರಿಯೂ ಇರಬೇಕು. ಎರಡರಲ್ಲಿ ಒಂದನ್ನು ಮರೆತರೂ ಎಲ್ಲ ಸರಿಯಿದ್ದ ದಿನಗಳಲ್ಲಿ ಅದು ಗೊತ್ತಾಗುವುದೇ ಇಲ್ಲ.

ಅದಕ್ಕೇ ಈಗ ಹೆಚ್ಚಿನವರು ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇಟ್ಟು, ಹಿಂದೆ ಎರಡು ಫೈರ್‌ವಾಲ್‌ಗಳನ್ನೂ ಒಟ್ಟಿಗೆ ಓಡಿಸುತ್ತಾರೆ. ಅಮೆಜಾನ್ 2020ರ ನವೆಂಬರ್‌ನಲ್ಲಿ ಈ ಕೆಲಸಕ್ಕೆಂದೇ ಗೇಟ್‌ವೇ ಲೋಡ್ ಬ್ಯಾಲೆನ್ಸರ್ ತಂದಿತು. ಅದು ಫೈರ್‌ವಾಲ್ ಜೊತೆ ಮಾತಾಡುವುದು ಜೆನೀವ್ ಎಂಬ ಲಕೋಟೆಯಲ್ಲಿ, ಅಂದರೆ ಆ ಭಾಷೆ ಬರುವ ಆವೃತ್ತಿಯೇ ಬೇಕು. ಪಟ್ಟಿಯಲ್ಲಿ ಅಮೆಜಾನ್‌ಗೆ ಟಿಕ್ ಇದ್ದರೂ ಇದಕ್ಕೆ ಬೇರೆ ಟಿಕ್ ನೋಡಬೇಕು. ಆಜೂರ್‌ನಲ್ಲಾದರೆ ಮಷೀನ್ ಬದುಕಿದೆಯೇ ಎಂದು ತಟ್ಟಿ ನೋಡುವ ಕರೆಗಳು ಒಳಗಿನ, ಹೊರಗಿನ ಎರಡೂ ಲೋಡ್ ಬ್ಯಾಲೆನ್ಸರ್‌ಗಳಿಂದ 168.63.129.16 ಎಂಬ ಒಂದೇ ವಿಳಾಸದ ಹೆಸರಿನಲ್ಲಿ ಬರುತ್ತವೆ. ಎರಡು ಬಾಗಿಲಲ್ಲಿ ಒಬ್ಬನೇ ಮನುಷ್ಯ ತಟ್ಟಿದಂತೆ. ಫೈರ್‌ವಾಲ್ ಉತ್ತರವನ್ನು ಒಂದೇ ಬಾಗಿಲಿಂದ ಕೊಟ್ಟರೆ ಇನ್ನೊಂದು ಕಡೆಯವರು ಅದನ್ನು ಸತ್ತಿದೆ ಎಂದು ಬರೆದುಕೊಳ್ಳುತ್ತಾರೆ. ಎರಡು ಕಾರ್ಡಿಗೆ ಎರಡು ಪ್ರತ್ಯೇಕ ರೂಟಿಂಗ್ ಪಟ್ಟಿ ಇಡುವುದು ಇದಕ್ಕೊಂದು ದಾರಿ.

ಸಣ್ಣ ಸಂಗತಿಗಳು ಬೇರೆ. ತನಗೆ ಬಂದದ್ದಲ್ಲದ ಪತ್ರವನ್ನು ಮುಂದಕ್ಕೆ ದಾಟಿಸುವುದೇ ಫೈರ್‌ವಾಲ್‌ನ ಕೆಲಸ. ಕ್ಲೌಡ್‌ಗಳು ಅದನ್ನು ಮೋಸ ಎಂದು ತಿಳಿದು ತಡೆಯುತ್ತವೆ. ಅಮೆಜಾನ್‌ನಲ್ಲಿ ಒಂದು ತಪಾಸಣೆಯನ್ನು ಆರಿಸಬೇಕು, ಆಜೂರ್‌ನಲ್ಲಿ ಒಂದು ಅನುಮತಿಯನ್ನು ಹೊತ್ತಿಸಬೇಕು. ಎಷ್ಟು ಕಾರ್ಡು ಬೇಕೋ ಅಷ್ಟು ಸಿಗುವುದೂ ಇಲ್ಲ. ಅಮೆಜಾನ್‌ನ ಸಿ5 ಲಾರ್ಜ್‌ಗೆ ಮೂರು, ಅದರ ಮೇಲಿನ ಎಕ್ಸ್‌ಲಾರ್ಜ್‌ಗೆ ನಾಲ್ಕು. ನಾಲ್ಕನೆಯ ಕಾರ್ಡಿಗಾಗಿ ಬೇಡದ ಪ್ರೊಸೆಸರ್‌ಗೂ ಬಾಡಿಗೆ ಕಟ್ಟಬೇಕು. ಪುಣೆಯಲ್ಲಿ ಪಾರ್ಕಿಂಗ್ ಬೇಕೆಂದು ಮೂರು ಕೋಣೆಯ ಫ್ಲಾಟ್ ಹಿಡಿದ ನೆನಪಾಗುತ್ತದೆ. ಗೂಗಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಎಂಟಿಯು 1460. ನನ್ನ ಕಥೆ ಓದಿದವರಿಗೆ ಆ ಸಂಖ್ಯೆ ಏನೆಂದು ತಿಳಿಯುತ್ತದೆ.

ಈ ಕ್ಲೌಡ್ ಯಂತ್ರಗಳು ಇರುವ ಊರುಗಳನ್ನು ಒಮ್ಮೆ ನೋಡಿ. ಅಮೆಜಾನ್ 2016ರಲ್ಲಿ ಮುಂಬೈಗೆ ಬಂತು, 2022ರಲ್ಲಿ ಹೈದರಾಬಾದಿಗೆ. ಆಜೂರ್ 2015ರಿಂದ ಪುಣೆ, ಚೆನ್ನೈ, ಮುಂಬೈಗಳಲ್ಲಿದೆ. ಗೂಗಲ್ 2017ರಲ್ಲಿ ಮುಂಬೈ, 2021ರಲ್ಲಿ ದೆಹಲಿ. ಈ ಅಂಕಣ ಓದುವವರು ಇರುವ ಊರುಗಳು ಅವೇ. ಬೆಂಗಳೂರು ಸಾಫ್ಟ್‌ವೇರ್ ಬರೆಯುತ್ತದೆ, ಯಂತ್ರ ಓಡುವುದು ನಾವಿರುವಲ್ಲಿ. ರಾತ್ರಿ ಪಾಳಿಯಲ್ಲಿ ನಮ್ಮವರ ಹೆಸರುಗಳು ಅಷ್ಟು ಕಾಣುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಈ ಕಸುಬಿನಲ್ಲಿರುವ ಕಿರಿಯರು ಕೇಳುತ್ತಾರೆ: ಹತ್ತು ವರ್ಷ ಒಂದೇ ಹೈಪರ್‌ವೈಸರ್ ಕಲಿತವರು ಈಗ ಏನು ಮಾಡಬೇಕು? ಹೆದರಬೇಡಿ ಎಂದು ಸುಮ್ಮನೆ ಹೇಳಲಾರೆ. ನನಗೂ ಹೆದರಿಕೆಯಾಗಿತ್ತು. ನಲವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆಗೆ ಕೂರುವುದು ಸುಖದ ಕೆಲಸವಲ್ಲ. ನಾನು ಮಾಡಿದ್ದು ಹೇಳುತ್ತೇನೆ. 16 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಒಂದನ್ನು ತಂದು ಪ್ರಾಕ್ಸ್‌ಮಾಕ್ಸ್ ಹಾಕಿದೆ. ಅದರ ಮೇಲೆ ಉಚಿತವಾಗಿ ಸಿಗುವ ಓಪಿಎನ್‌ಸೆನ್ಸ್ ಫೈರ್‌ವಾಲ್ ಎರಡನ್ನು ಎಬ್ಬಿಸಿ ಜೋಡಿ ಮಾಡಿದೆ. ವರ್ಟ್‌ಐಓ ಕಾರ್ಡಿನ ಮೇಲೆ ಚೆಕ್‌ಸಮ್ ಲೆಕ್ಕವನ್ನು ಹಾರ್ಡ್‌ವೇರ್‌ಗೆ ಬಿಡುವ ಆಯ್ಕೆಯನ್ನು ಆರಿಸಿಡಬೇಕೆಂದು ಅದರ ಕೈಪಿಡಿಯಲ್ಲೇ ಇದೆ. ಬೇಕೆಂದೇ ಹೊತ್ತಿಸಿ ನೋಡಿ, ಮತ್ತೆ ಆರಿಸಿ. ಎಂಟಿಯು ಕೆಡಿಸಿ. ಮ್ಯಾಕ್ ಬದಲಿಸಲು ಬಿಡದ ಸ್ವಿಚ್ ಇಟ್ಟು ಜೋಡಿಯಲ್ಲಿ ಒಂದನ್ನು ಬೀಳಿಸಿ. ಇಎಸ್‌ಎಕ್ಸ್‌ಐನಲ್ಲಿ ಅದಕ್ಕೆ ಮೂರು ಟಿಕ್‌ಗಳಿವೆ, ಹೈಪರ್-ವಿಯಲ್ಲಿ ಒಂದು, ಓಪನ್‌ಸ್ಟ್ಯಾಕ್‌ನಲ್ಲಿ ಪೋರ್ಟಿಗೆ ಹೆಚ್ಚುವರಿ ವಿಳಾಸ ಬರೆಯಬೇಕು. ಹೆಸರು ಬೇರೆ, ರೋಗ ಒಂದೇ. ಮನೆಯಲ್ಲಿ ಕೆಡಿಸಿ ನೋಡಿದ್ದನ್ನು ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಆ ಭಾನುವಾರದ ಬಳಿಕ ನಮ್ಮ ಪರೀಕ್ಷಾ ಪಟ್ಟಿ ಉದ್ದವಾಗಿದೆ. ಕಾರ್ಡುಗಳ ಮ್ಯಾಕ್, ಪ್ರೊಸೆಸರ್ ಮಾದರಿ, 1472 ಬೈಟಿನ ಪಿಂಗ್ ತುಂಡಾಗದೆ ದಾಟುತ್ತದೆಯೇ, ಜೋಡಿಯಲ್ಲಿ ಒಂದನ್ನು ಎಳೆದರೆ ಇನ್ನೊಂದು ಎಷ್ಟು ಸೆಕೆಂಡಿನಲ್ಲಿ ಏಳುತ್ತದೆ, ಇವೆಲ್ಲ ಇವೆ. ಮೊದಲ ಸಾಲಿನಲ್ಲಿ ಇರುವುದು ಹುಬ್ಬಳ್ಳಿಯ ಗೋದಾಮಿನ ಫೋನ್ ನಂಬರ್. ಅಲ್ಲಿಂದ ಒಂದು ಬಿಲ್ ಪ್ರಿಂಟಾಗಿ ಕೈಗೆ ಬಂತು ಎಂದು ಅವರು ಹೇಳುವವರೆಗೆ ನಾವು ಟಿಕೆಟ್ ಮುಚ್ಚುವುದಿಲ್ಲ. ಕಳೆದ ತಿಂಗಳು ಇನ್ನೊಂದು ಬದಲಾವಣೆ ಇತ್ತು. ರಾತ್ರಿ ಒಂದೂವರೆಗೆ ಅವರೇ ಫೋನ್ ಮಾಡಿದರು.

“ಬಿಲ್ ಬಂತ್ರಿ ಸರ. ಎರಡ ಪ್ರಿಂಟ್ ತಗದೀನಿ, ಒಂದು ನಿಮ್ಮ ಸಮಾಧಾನಕ್ಕ. ಇನ್ನ ಮಲ್ಕೋರಿ.”